ಬಯಾಪ್ಸಿಯಲ್ಲಿ ಬರೀ 'ಫೈಬ್ರೋಸಿಸ್' (ಕಲೆಗಟ್ಟಿದೆ) ಎಂದು ಬಂದಿದೆ, ಮುಂದೇನು?

ಚರ್ಮ_ಪಿಜಿ:
48 ವರ್ಷದ ಮಹಿಳೆ. ಬೈತಲೆ ಅಗಲವಾಗಿ ನೆತ್ತಿ ತೆಳುವಾಗಿದೆ, ಮೇಲ್ನೋಟಕ್ಕೆ ಮಾಮೂಲಿ ಪ್ಯಾಟರ್ನ್ ಹೇರ್ ಲಾಸ್. ಒಂದು ವರ್ಷ ಮಿನಾಕ್ಸಿಡಿಲ್ ಹಚ್ಚಿದರೂ ಗುಣವಿಲ್ಲ. ಉರಿ, ತುರಿಕೆ ಬೇರೆ. ಹೊರಗಡೆ ಮಾಡಿಸಿದ ಬಯಾಪ್ಸಿಯಲ್ಲಿ ಬೋಳು ಜಾಗದಿಂದ ಒಂದೇ ಪಂಚ್ (ದುಂಡು ಬ್ಲೇಡಿನಿಂದ ತೆಗೆದ ಚರ್ಮದ ತುಣುಕು), ಉದ್ದ ಸೆಕ್ಷನ್ (ಕೂದಲಿನ ಉದ್ದಕ್ಕೆ ಕೊಯ್ದ ತೆಳು ಪದರ) ಮಾತ್ರ. ಡರ್ಮೋಸ್ಕೋಪ್‌ನಲ್ಲಿ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ಬಿಳಿ ಚುಕ್ಕೆಗಳಿವೆ. ಲೈಕನ್ ಪ್ಲಾನೋಪೈಲಾರಿಸ್ (ಉರಿಯೂತದಿಂದ ಕೂದಲ ಬುಡ ಕಲೆಗಟ್ಟಿಸುವ ರೋಗ) ಎನ್ನಬಹುದೇ?

ಟ್ರೈಕೋ_ಮೈಸೂರು:
ಬಿಳಿ ಚುಕ್ಕೆ ನಂಬಿ ಹೇಳಬೇಡಿ. ನಮ್ಮ ಮೈಬಣ್ಣದವರಲ್ಲಿ ಬೆವರಿನ ರಂಧ್ರ, ಕೂದಲಿನ ರಂಧ್ರಗಳು ಸೂಜಿಮೊನೆಯಷ್ಟು ಸಣ್ಣ ಬಿಳಿ ಚುಕ್ಕೆಗಳಾಗಿ ಆರೋಗ್ಯವಾದ ನೆತ್ತಿಯಲ್ಲೂ ಕಾಣುತ್ತವೆ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ. ಕಲೆಗಟ್ಟಿದ ಚುಕ್ಕೆ ದೊಡ್ಡದು, ಅಂಚು ಮಸುಕು, ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತದೆ.

ಹುಡುಕಬೇಕಾದ್ದು ಕೂದಲ ಬುಡವನ್ನು ಕೊಳವೆಯಂತೆ ಸುತ್ತಿದ ಬಿಳಿ ಹೊಟ್ಟು. ಜೆಲ್ ಹಚ್ಚಿದರೆ ಅದು ಕಣ್ಣಿಗೆ ಬೀಳದು, ಒಣ ನೆತ್ತಿಯಲ್ಲೇ ನೋಡಿ. ಹಿಂದಿನ ಎರಡು ದಿನ ತಲೆಗೆ ಸ್ನಾನ, ಎಣ್ಣೆ ಬೇಡವೆಂದು ಮೊದಲೇ ಹೇಳಿ. ಹೊಟ್ಟು, ಬುಡದ ಸುತ್ತ ಕೆಂಪು, ಜೊತೆಗೆ ದಪ್ಪ-ಸಣ್ಣ ಕೂದಲು ಬೆರೆತಿದ್ದು ಎಲ್ಲವೂ ನೆತ್ತಿಗಷ್ಟೇ ಸೀಮಿತವಾಗಿದ್ದರೆ ನನ್ನ ಮೊದಲ ಅನುಮಾನ ಎಫ್‌ಎಪಿಡಿ ಮೇಲೆ (ಫೈಬ್ರೋಸಿಂಗ್ ಅಲೋಪೇಸಿಯಾ ಇನ್ ಎ ಪ್ಯಾಟರ್ನ್ ಡಿಸ್ಟ್ರಿಬ್ಯೂಷನ್, ಅಂದರೆ ಪ್ಯಾಟರ್ನ್ ಹೇರ್ ಲಾಸ್ ಜಾಗದಲ್ಲೇ ಕಲೆಗಟ್ಟಿ ಕೂದಲು ಹೋಗುವುದು). ಜಿಂಕರ್ನಾಗೆಲ್ ಮತ್ತು ಟ್ರೂಯೆಬ್ 2000ದಲ್ಲಿ ವಿವರಿಸಿದ್ದು.

ಪ್ಯಾಥ್_ಹುಬ್ಬಳ್ಳಿ:
ಬೋಳು ಜಾಗದ ತುಣುಕಿನಲ್ಲಿ ಲ್ಯಾಬ್‌ಗೆ ಸಿಗುವುದು ಬೂದಿ, ಬೆಂಕಿಯಲ್ಲ: ಕಲೆ ಉಳಿದಿರುತ್ತದೆ, ಅದನ್ನು ಮಾಡಿದ ಉರಿಯೂತ ಕಾಣದು. ಹೊಟ್ಟು ಕಂಡ, ಕೂದಲು ಇನ್ನೂ ಇರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಅಡ್ರಿನಲಿನ್ ಇರುವ ಲಿಗ್ನೋಕೇನ್ ಚುಚ್ಚಿ 10–15 ನಿಮಿಷ ಬಿಡಿ, ಇಲ್ಲದಿದ್ದರೆ ರಕ್ತದಲ್ಲಿ ಗುರುತೇ ಕಾಣದು. 4 ಮಿ.ಮೀ. ಪಂಚ್ ಎರಡು ತೆಗೆಯಿರಿ. ಕೂದಲು ಹೊರಟ ಓರೆಯಲ್ಲೇ ಪಂಚ್ ಹಿಡಿದು ಕೊಬ್ಬಿನ ಪದರದವರೆಗೆ ಇಳಿಸಿ. ನೆಟ್ಟಗೆ ಇಳಿಸಿದರೆ ಬುಡಗಳು ಅರ್ಧಕ್ಕೇ ತುಂಡಾಗುತ್ತವೆ. ಒಂದು ಅಡ್ಡ ಸೆಕ್ಷನ್‌ಗೆ, ಇನ್ನೊಂದು ಉದ್ದ ಸೆಕ್ಷನ್‌ಗೆ ಎಂದು ಫಾರಂನಲ್ಲಿ ಬರೆಯಿರಿ. ಎಫ್‌ಎಪಿಡಿಯಲ್ಲಿ ಸಣ್ಣಗಾದ ಕೂದಲ ಬುಡಗಳ ಮೇಲ್ಭಾಗದ ಸುತ್ತಲೇ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಮುತ್ತಿರುತ್ತವೆ. ಅಡ್ಡ ಸೆಕ್ಷನ್‌ನಲ್ಲಿ ಎಲ್ಲ ಬುಡಗಳೂ ಒಟ್ಟಿಗೆ ಸಿಗುತ್ತವೆ, ಉದ್ದ ಸೆಕ್ಷನ್‌ನಲ್ಲಿ ಬೆರಳೆಣಿಕೆಯಷ್ಟು.

ಚರ್ಮ_ಪಿಜಿ:
ಧನ್ಯವಾದ ಸರ್. ಲೂಪಸ್ (ನೆತ್ತಿಯಲ್ಲೂ ಕಲೆ ಮಾಡುವ ಸ್ವಯಂನಿರೋಧಕ ರೋಗ) ಅಲ್ಲವೆಂದು ಬಿಡಬಹುದೇ? ಹಳೆಯ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ವ್ಯರ್ಥವೇ?

ಪ್ಯಾಥ್_ಹುಬ್ಬಳ್ಳಿ:
ಈಗಲೇ ಬಿಡಬೇಡಿ. ರಂಧ್ರಗಳಲ್ಲಿ ಕೆರಾಟಿನ್ ಬಿರಡೆ, ಕವಲೊಡೆದ ದಪ್ಪ ರಕ್ತನಾಳ ಡರ್ಮೋಸ್ಕೋಪ್‌ನಲ್ಲಿ ಕಂಡರೆ ಇಮ್ಯುನೋಫ್ಲೋರೆಸೆನ್ಸ್‌ಗೆ (ಚರ್ಮದಲ್ಲಿ ಕೂತ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಪರೀಕ್ಷೆ) ಇನ್ನೊಂದು ಪಂಚ್ ಮೈಕೆಲ್ಸ್ ಮೀಡಿಯಂನಲ್ಲಿ (ಆ ಪರೀಕ್ಷೆಗೆ ತುಣುಕು ಕೆಡದಂತೆ ಇಡುವ ದ್ರವ) ಕಳಿಸಿ. ಫಾರ್ಮಲಿನ್‌ಗೆ ಬಿದ್ದ ತುಣುಕು ಆ ಪರೀಕ್ಷೆಗೆ ಬರುವುದಿಲ್ಲ. ಹಳೆಯ ಬ್ಲಾಕ್ ಖಂಡಿತ ತರಿಸಿ, ಎಲಾಸ್ಟಿಕ್ ಸ್ಟೇನ್ (ಚರ್ಮದ ಎಲಾಸ್ಟಿಕ್ ನಾರನ್ನು ತೋರಿಸುವ ಬಣ್ಣ) ಮಾಡಿಸಿ: ಲೈಕನ್‌ನಲ್ಲಿ ಎಲಾಸ್ಟಿಕ್ ನಾರು ಕೂದಲ ಬುಡದ ಮೇಲ್ಭಾಗದಲ್ಲಿ ಬೆಣೆಯಾಕಾರದಲ್ಲಿ ಅಳಿಸಿರುತ್ತದೆ, ಲೂಪಸ್‌ನಲ್ಲಿ ಡರ್ಮಿಸ್ (ಚರ್ಮದ ಒಳಪದರ) ಉದ್ದಕ್ಕೂ. ಅದೇ ಬ್ಲಾಕ್‌ನಲ್ಲಿ ಪಿಎಎಸ್ ಎಂಬ ಬಣ್ಣ ಕೂಡ ಹಾಕಿಸಿ, ಫಂಗಸ್ ಇದ್ದರೆ ಗೊತ್ತಾಗುತ್ತದೆ.