ಪಿಯುಸಿ ಓದುತ್ತಿರುವ ಈಜುಗಾರ್ತಿಗೆ ಅಮೆರಿಕದ ಕಾಲೇಜು ತಂಡ: ಎಸ್‌ಎಟಿ ಬರೆಯಲೇಬೇಕೇ?

ಪ್ರಶ್ನೆ: ಮೈಸೂರಿನ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮೈಸೂರಿನಲ್ಲಿ ಈ ಜೂನ್‌ನಿಂದ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಐದನೆಯ ತರಗತಿಯಿಂದಲೂ ಈಜಿನಲ್ಲಿರುವ ಅವಳಿಗೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ರಾಜ್ಯಮಟ್ಟದ ಪದಕಗಳು ಬಂದಿವೆ. ದ್ವಿತೀಯ ಪಿಯುಸಿ ಮುಗಿದ ಮೇಲೆ ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದ ತಂಡಕ್ಕೆ ವಿದ್ಯಾರ್ಥಿವೇತನದೊಂದಿಗೆ ಸೇರಬೇಕೆಂಬುದು ಅವಳ ಆಸೆ. ಮೈಸೂರಿನಲ್ಲೇ ಹುಟ್ಟಿದ ವಿಕಾಸ್ ಗೌಡ ಅವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ ಡಿಸ್ಕಸ್ ಎಸೆದು 2006ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಚಾಂಪಿಯನ್ ಆದದ್ದನ್ನು ಯಾರೋ ಹೇಳಿದ ದಿನದಿಂದ ಈ ಆಸೆ ಹಟವಾಗಿದೆ.

ವಿದೇಶದ ಪ್ರವೇಶಗಳನ್ನು ಮಾಡಿಸಿಕೊಡುವ ಒಬ್ಬ ಸಲಹೆಗಾರರನ್ನು ಕಂಡಾಗ, ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ನಿಗದಿತ ಅಂಕ ಬಾರದಿದ್ದರೆ ಎನ್‌ಸಿಎಎ ಅವಳನ್ನು ಕೊಳಕ್ಕೆ ಇಳಿಯಲೂ ಬಿಡುವುದಿಲ್ಲವೆಂದು ಹೇಳಿ, ಒಂದು ವರ್ಷದ ತರಬೇತಿಗೆ ಮುಂಗಡ ಹಣ ಕಟ್ಟಿಸಿಕೊಂಡರು. ತರಬೇತಿಯ ಸಮಯ ಸಂಜೆ ಐದೂವರೆಯಿಂದ ಏಳೂವರೆ. ಅವಳ ಈಜಿನ ಅಭ್ಯಾಸವೂ ಅದೇ ಹೊತ್ತಿನಲ್ಲಿದೆ. ಕಳೆದ ಮೂರು ವಾರಗಳಿಂದ ಅವಳು ಬೆಳಗಿನ ಅಭ್ಯಾಸವೊಂದನ್ನೇ ಮಾಡುತ್ತಿದ್ದು, ಕೋಚ್ ಅಸಮಾಧಾನಗೊಂಡಿದ್ದಾರೆ. ಈ ಪರೀಕ್ಷೆ ನಿಜಕ್ಕೂ ಕಡ್ಡಾಯವೇ? ಅವಳ ವಿಷಯಗಳು ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ. ಗಣಿತ ಬೇಡವೆಂದು ಅವಳೇ ಬಿಟ್ಟಳು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿವೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ನಾರ್ತ್ ಕೆರೊಲಿನಾದಿಂದ ಒಬ್ಬ ತಾಯಿ

ಸರ್, ನಮಸ್ಕಾರ. ನನ್ನ ಅಕ್ಕನ ಮಗಳು ಹಾಸನದಲ್ಲಿ ಪಿಯುಸಿ ಮುಗಿಸಿ ಇಲ್ಲಿಯ ಒಂದು ಕಾಲೇಜಿನ ಟೆನಿಸ್ ತಂಡಕ್ಕೆ ಬಂದಾಗ ಅವಳ ಕಾಗದಪತ್ರಗಳನ್ನೆಲ್ಲ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ತುಂಬಿದವಳು ನಾನು. ಆ ಅನುಭವದಿಂದ ಬರೆಯುತ್ತಿದ್ದೇನೆ.

ನಿಮಗೆ ಹೇಳಿರುವುದು ಹಳೆಯ ನಿಯಮ. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಸಡಿಲಿಸಿದ್ದ ಎಸ್‌ಎಟಿ ಮತ್ತು ಅದೇ ಬಗೆಯ ಇನ್ನೊಂದು ಪರೀಕ್ಷೆಯಾದ ಎಸಿಟಿ ಅಂಕಗಳ ಷರತ್ತನ್ನು ಎನ್‌ಸಿಎಎ 2023ರ ಜನವರಿಯಲ್ಲಿ ತನ್ನ ಮೇಲಿನ ಎರಡು ಹಂತಗಳಾದ ಡಿವಿಷನ್ ಒಂದು ಮತ್ತು ಎರಡು, ಎರಡರಿಂದಲೂ ಶಾಶ್ವತವಾಗಿ ತೆಗೆದುಹಾಕಿತು. ಆಟಕ್ಕೆ ಅರ್ಹಳೇ ಅಲ್ಲವೇ ಎಂಬುದನ್ನು ತೀರ್ಮಾನಿಸುವ ಎಲಿಜಿಬಿಲಿಟಿ ಸೆಂಟರ್ ಈಗ ಆ ಅಂಕಗಳನ್ನು ಕೇಳುವುದೇ ಇಲ್ಲ. ಆದರೆ ಅವಳಿಗೆ ಪ್ರವೇಶ ಕೊಡುವುದು ವಿಶ್ವವಿದ್ಯಾಲಯ, ಎನ್‌ಸಿಎಎ ಅಲ್ಲ. ಎಂಐಟಿ 2022ರಲ್ಲಿಯೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಹಾಗೂ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ 2024ರಲ್ಲಿ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಮಾತ್ರ ಪ್ರವೇಶದ ವೇಳೆ ಅಂಕ ಕಳಿಸಿದರೂ ನೋಡುವುದಿಲ್ಲ. ಆದ್ದರಿಂದ ಮಗಳು ಯಾವ ಹತ್ತು ಹದಿನೈದು ತಂಡಗಳ ಕೋಚ್‌ಗಳಿಗೆ ಪತ್ರ ಬರೆಯಲಿದ್ದಾಳೆ ಎಂಬುದನ್ನು ಮೊದಲು ಪಟ್ಟಿ ಮಾಡಿ, ಆ ಕಾಲೇಜುಗಳಲ್ಲಿ ಎಷ್ಟು ಪರೀಕ್ಷೆಯನ್ನು ಕೇಳುತ್ತವೆ ಎಂದು ನೋಡಿ, ಆಮೇಲೆ ತರಬೇತಿಯ ವಿಚಾರ ತೀರ್ಮಾನಿಸಿ. ಇಂಗ್ಲಿಷ್ ಸಾಮರ್ಥ್ಯಕ್ಕಾಗಿ ಟೋಫೆಲ್ ಅಥವಾ ಐಇಎಲ್‌ಟಿಎಸ್ ಕೇಳುವುದು ಬೇರೆಯೇ ವಿಷಯ.

ಇನ್ನು, ನೀವು ಕೇಳದೇ ಇರುವ ಮಾತೊಂದಿದೆ. ನನಗೆ ಭಯವಾದದ್ದು ಮಗಳ ವಿಷಯಗಳ ಪಟ್ಟಿಯನ್ನು ಓದಿಯೇ. ಎಸ್‌ಎಟಿ ಹೋಯಿತು, ಆದರೆ ಹದಿನಾರು ಕೋರ್ ಕೋರ್ಸ್‌ಗಳ, ಅಂದರೆ ಅರ್ಹತೆಯ ಲೆಕ್ಕಕ್ಕೆ ಬರುವ ಮೂಲ ವಿಷಯಗಳ, ನಿಯಮ ಹೋಗಿಲ್ಲ. ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ನಾಲ್ಕು ವರ್ಷಗಳಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ, ವಿಜ್ಞಾನ ಎರಡು ವರ್ಷ, ಈ ಮೂರರಲ್ಲಿ ಯಾವುದಾದರೂ ಇನ್ನೊಂದು ವರ್ಷ, ಸಮಾಜ ವಿಜ್ಞಾನ ಎರಡು ವರ್ಷ, ಉಳಿದ ನಾಲ್ಕು ಇವುಗಳಿಂದಲೋ ಬೇರೆ ಭಾಷೆಯಿಂದಲೋ ಬರಬೇಕು. ಇದು ಡಿವಿಷನ್ ಒಂದರ ಲೆಕ್ಕ. ನಿಮ್ಮ ಮಗಳ ಲೆಕ್ಕವನ್ನು ಒಂದು ಹಾಳೆಯ ಮೇಲೆ ಹಾಕಿ ನೋಡಿದೆ. ಇಂಗ್ಲಿಷ್ ನಾಲ್ಕು. ವಿಜ್ಞಾನ ಎರಡು, ಒಂಬತ್ತು ಮತ್ತು ಹತ್ತನೆಯ ತರಗತಿಗಳದ್ದು. ಸಮಾಜ ವಿಜ್ಞಾನದಲ್ಲಿ ಆ ಎರಡು ವರ್ಷಗಳ ಜೊತೆಗೆ ಪಿಯುಸಿಯ ಇತಿಹಾಸ, ಅರ್ಥಶಾಸ್ತ್ರ ಸೇರಿ ಆರು. ಗಣಿತ ಮಾತ್ರ ಎರಡೇ. ಅಲ್ಲಿಗೆ ಮೂರನೆಯ ವರ್ಷದ ಗಣಿತವೂ ಇಲ್ಲ, ಇಂಗ್ಲಿಷ್, ಗಣಿತ, ವಿಜ್ಞಾನಗಳಲ್ಲಿ ಬರಬೇಕಾದ ಆ ಹೆಚ್ಚುವರಿ ಒಂದು ವರ್ಷವೂ ಇಲ್ಲ. ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರದಲ್ಲಿ ನೂರಕ್ಕೆ ನೂರು ತೆಗೆದರೂ ಅವು ಕೋರ್ ವಿಷಯಗಳಲ್ಲ. ಡಿವಿಷನ್ ಎರಡರಲ್ಲಿ ಗಣಿತ ಎರಡೇ ವರ್ಷ ಸಾಕು, ಆದರೆ ಅಲ್ಲಿಯೂ ಇಂಗ್ಲಿಷ್, ಗಣಿತ, ವಿಜ್ಞಾನ ಸೇರಿ ಹತ್ತು ಆಗಬೇಕು, ಇವಳಿಗೆ ಎಂಟಾಗುತ್ತದೆ.

ಪಿಸಿಎಂಬಿ ಓದುವ ಮಕ್ಕಳಿಗೆ ಈ ಚಿಂತೆ ಬರುವುದೇ ಇಲ್ಲ, ಅವರಿಗೆ ಹದಿನೆಂಟಾಗುತ್ತದೆ. ಜೂನ್ ಜುಲೈನಲ್ಲಿ ಇರುವುದರಿಂದ ಕಾಲ ಮಿಂಚಿಲ್ಲ, ಲೆಕ್ಕಶಾಸ್ತ್ರದ ಬದಲು ಗಣಿತ ತೆಗೆದುಕೊಳ್ಳಲು ಸಾಧ್ಯವೇ ಎಂದು ನಾಳೆಯೇ ಕಾಲೇಜಿನಲ್ಲಿ ಕೇಳಿ. ಮೂರನೆಯ ವರ್ಷದ ಗಣಿತ, ಹೆಚ್ಚುವರಿ ಒಂದು ವರ್ಷ, ಈ ಎರಡೂ ಕೊರತೆ ತುಂಬಲು ಪಿಯುಸಿಯ ಎರಡೂ ವರ್ಷ ಗಣಿತ ಓದಬೇಕಾಗುತ್ತದೆ. ಆದ್ದರಿಂದ ಮುಂದಿನ ವರ್ಷ ಸರಿಪಡಿಸೋಣ ಎಂದು ಬಿಡಬೇಡಿ.

ಕೊನೆಯದಾಗಿ, ಒಂಬತ್ತನೆಯ ತರಗತಿಯ ಅಂಕಪಟ್ಟಿಯನ್ನು ಹುಡುಕಿಡಿ. ಅದು ಬೋರ್ಡ್ ಪರೀಕ್ಷೆಯಲ್ಲವೆಂದು ನಾವು ಯಾರೂ ಇಟ್ಟುಕೊಂಡಿರುವುದಿಲ್ಲ. ನಮ್ಮ ಹುಡುಗಿಯ ಶಾಲೆಯಲ್ಲಿ ಹಳೆಯ ರಿಜಿಸ್ಟರ್ ತೆಗೆಸಿ, ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆಸಿ, ಮುಖ್ಯೋಪಾಧ್ಯಾಯರ ಮೊಹರು ಹಾಕಿಸಿಕೊಳ್ಳಲು ಅಕ್ಕ ನಾಲ್ಕು ಸಲ ಅಲೆದಳು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇದ್ದದ್ದರಿಂದ ಇಬ್ಬರೂ ಒಬ್ಬಳೇ ಎಂದು ಸಾಬೀತುಪಡಿಸುವುದಕ್ಕೆ ಇನ್ನೊಂದು ಸುತ್ತು ಪತ್ರವ್ಯವಹಾರ ನಡೆಯಿತು. ಅಂದಹಾಗೆ, ವಿಕಾಸ್ ಗೌಡ ಅವರು ಹುಟ್ಟಿದ್ದು ಮೈಸೂರಾದರೂ ಬೆಳೆದದ್ದು ಮೇರಿಲ್ಯಾಂಡ್‌ನಲ್ಲಿ. ಹೈಸ್ಕೂಲನ್ನು ಇಲ್ಲಿಯೇ ಓದಿದವರಿಗೆ ಈ ಕಷ್ಟ ಇರುವುದಿಲ್ಲ.

ಉತ್ತರ 2: ಧಾರವಾಡದ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ಮೇಲಿನ ಸೋದರಿಯವರು ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದಾರೆ. ನಾನು ಈ ನಿಯಮಗಳ ಹಿಂದಿನ ಕಥೆಯನ್ನಷ್ಟೇ ಹೇಳುತ್ತೇನೆ. ಅದು ತಿಳಿದರೆ ಸಲಹೆಗಾರರು ಹಳೆಯ ಪಾಠವನ್ನೇ ಏಕೆ ಒಪ್ಪಿಸುತ್ತಿದ್ದಾರೆ ಎಂಬುದು ಅರ್ಥವಾದೀತು.

ನೆಬ್ರಾಸ್ಕಾದ ಕ್ರೈಟನ್ ವಿಶ್ವವಿದ್ಯಾಲಯದ ಪರವಾಗಿ ನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಆಡಿದ ಕೆವಿನ್ ರಾಸ್ ಎಂಬ ತರುಣನಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. 1982ರಲ್ಲಿ ಆತ ಷಿಕಾಗೋದ ಒಂದು ಶಾಲೆಗೆ ಸೇರಿ ಪುಟ್ಟ ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತು ಓದು ಕಲಿತ. ಆಟಕ್ಕಾಗಿ ಹುಡುಗರನ್ನು ದುಡಿಸಿಕೊಂಡು, ಓದಿಸದೆ ಹೊರಗೆ ಕಳಿಸುತ್ತಿದ್ದಾರೆ ಎಂಬ ಆಕ್ಷೇಪಣೆ ಬಲವಾಗಿದ್ದ ಆ ದಿನಗಳಲ್ಲಿಯೇ, 1983ರಲ್ಲಿ, ಎನ್‌ಸಿಎಎ ಪ್ರೊಪೊಸಿಷನ್ 48 ಎಂಬ ನಿಯಮವನ್ನು ಅಂಗೀಕರಿಸಿತು. 1986ರಿಂದ ಜಾರಿಗೆ ಬಂದ ಈ ನಿಯಮದ ಪ್ರಕಾರ ಹನ್ನೊಂದು ಕೋರ್ ವಿಷಯಗಳಲ್ಲಿ 2.0 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಜೊತೆಗೆ ಎಸ್‌ಎಟಿಯಲ್ಲಿ 700 ಅಥವಾ ಎಸಿಟಿಯಲ್ಲಿ 15 ಅಂಕ ಇಲ್ಲದವನು ಮೊದಲ ವರ್ಷ ಆಡುವಂತಿರಲಿಲ್ಲ.

ಉದ್ದೇಶ ಒಳ್ಳೆಯದೇ. ಪೆಟ್ಟು ಬಿದ್ದದ್ದು ಮಾತ್ರ ಬಡ ಶಾಲೆಗಳಿಂದ ಬಂದ ಕಪ್ಪು ವರ್ಣದ ಹುಡುಗರಿಗೆ. 1989ರಲ್ಲಿ ಪ್ರೊಪೊಸಿಷನ್ 42 ಬಂದು, ಎರಡರಲ್ಲಿ ಒಂದೇ ಷರತ್ತನ್ನು ಪೂರೈಸಿದವರಿಗೆ ಕ್ರೀಡಾ ವಿದ್ಯಾರ್ಥಿವೇತನವನ್ನೂ ನಿಲ್ಲಿಸಲು ಹೊರಟಾಗ, ಜಾರ್ಜ್‌ಟೌನ್‌ನ ಕೋಚ್ ಜಾನ್ ಥಾಮ್ಸನ್ ಬೋಸ್ಟನ್ ಕಾಲೇಜಿನ ವಿರುದ್ಧದ ಪಂದ್ಯ ಶುರುವಾಗುವ ಹೊತ್ತಿಗೆ ಅಂಕಣ ಬಿಟ್ಟು ಹೊರನಡೆದರು. ಹೆಗಲ ಮೇಲೆ ಸದಾ ಬಿಳಿಯ ಟವಲು ಹೊದ್ದಿರುತ್ತಿದ್ದ ಆ ದೈತ್ಯ ಮನುಷ್ಯ ತನ್ನ ತಂಡವನ್ನು ಬಿಟ್ಟು ಎದ್ದು ಹೋದದ್ದು ನಮ್ಮಂಥ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ದೊಡ್ಡ ಸುದ್ದಿಯಾಗಿತ್ತು. ಮುಂದಿನ ವರ್ಷ ಆ ನಿಯಮವನ್ನು ಸಡಿಲಿಸಿದರು. ಆಮೇಲೆ ಬಂದ ಪ್ರೊಪೊಸಿಷನ್ 16ರಲ್ಲಿ ಜಿಪಿಎ ಏರಿದಂತೆ ಬೇಕಾದ ಎಸ್‌ಎಟಿ ಅಂಕ ಇಳಿಯುವ ಪಟ್ಟಿಯೊಂದು ಬಂತು. ಅದನ್ನೂ ಫಿಲಡೆಲ್ಫಿಯಾದ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಎಳೆದರು. ಕೆಳ ನ್ಯಾಯಾಲಯದಲ್ಲಿ ಗೆದ್ದರು, 1999ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿ ಸೋತರು. ಆದರೂ 2003ರಲ್ಲಿ ಆ ಪಟ್ಟಿಯನ್ನು ಎಷ್ಟು ಕೆಳಗೆ ಚಾಚಿದರೆಂದರೆ, 3.55 ಜಿಪಿಎ ಇದ್ದವನಿಗೆ ಎಸ್‌ಎಟಿಯಲ್ಲಿ 400 ಸಾಕಾಯಿತು. ಆ ಪರೀಕ್ಷೆಯಲ್ಲಿ 400ಕ್ಕಿಂತ ಕಡಿಮೆ ಅಂಕವೇ ಇಲ್ಲ! 2023ರಲ್ಲಿ ತೆಗೆದುಹಾಕಿದ್ದು ಹೀಗೆ ಇಪ್ಪತ್ತು ವರ್ಷಗಳಿಂದ ಸವೆಯುತ್ತಲೇ ಬಂದಿದ್ದ ನಿಯಮವನ್ನು.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಶನಿವಾರದ ಪರೀಕ್ಷೆಗಿಂತ ನಾಲ್ಕು ವರ್ಷಗಳ ತರಗತಿಯ ಅಂಕಗಳು ನ್ಯಾಯವಾದ ಅಳತೆ. ಆದರೆ ತರಗತಿಯ ಅಂಕವನ್ನು ಧಾರಾಳವಾಗಿ ಹಾಕಿಕೊಡುವ ಶಾಲೆಗಳು ಅಲ್ಲಿಯೂ ಇವೆ, ಇಲ್ಲಿಯೂ ಇವೆ ಎಂಬುದನ್ನು ಮೂವತ್ತು ವರ್ಷ ಕಾಲೇಜಿನಲ್ಲಿದ್ದ ನಾನು ಅಲ್ಲಗಳೆಯಲಾರೆ.

ಉತ್ತರ 3: ಒಹಾಯೊದಲ್ಲಿ ಓದುತ್ತಿರುವ ಓಟಗಾರ

ನಾನು ಶಿವಮೊಗ್ಗದವನು, ಡಿವಿಷನ್ ಒಂದರ ತಂಡದಲ್ಲಿ 800 ಮೀಟರ್ ಓಡುತ್ತಿದ್ದೇನೆ, ಈಗ ಮೂರನೆಯ ವರ್ಷ. ಒಳಗೆ ಬಂದ ಮೇಲಿನ ನಿಯಮಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕೋರ್ ವಿಷಯಗಳ ಜಿಪಿಎ 2.3 ಇದ್ದರೆ ಮೊದಲ ವರ್ಷವೇ ಸ್ಪರ್ಧಿಸಬಹುದು. 2.0ರಿಂದ 2.3ರ ಒಳಗೆ ಇದ್ದರೆ ಅಕಾಡೆಮಿಕ್ ರೆಡ್‌ಶರ್ಟ್ ಎನ್ನುತ್ತಾರೆ: ವಿದ್ಯಾರ್ಥಿವೇತನ ಸಿಗುತ್ತದೆ, ಅಭ್ಯಾಸ ಮಾಡಬಹುದು, ಸ್ಪರ್ಧೆಗೆ ಇಳಿಯುವಂತಿಲ್ಲ. ನಮ್ಮ ಶೇಕಡಾವಾರು ಅಂಕಗಳನ್ನು ಅವರದೇ ಪಟ್ಟಿಯಿಂದ ಪರಿವರ್ತಿಸುತ್ತಾರೆ. ಇಪ್ಪತ್ತೈದರಿಂದ ಭಾಗಿಸಿ ನೀವೇ ಜಿಪಿಎ ಹಾಕಿಕೊಂಡು ಹೆದರಬೇಡಿ.

ಸೇರಿದ ನಂತರ ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 6 ಕ್ರೆಡಿಟ್ ಉತ್ತೀರ್ಣರಾಗಬೇಕು, ಎರಡನೆಯ ವರ್ಷಕ್ಕೆ ಕಾಲಿಡುವ ಮೊದಲು 24 ಆಗಿರಬೇಕು. ಮೂರನೆಯ ವರ್ಷದ ಹೊತ್ತಿಗೆ ಪದವಿಯ ಶೇಕಡಾ 40, ನಾಲ್ಕಕ್ಕೆ 60, ಐದಕ್ಕೆ 80 ಮುಗಿದಿರಬೇಕು. ಕೇಳಲು ಸುಲಭವಾಗಿದೆ. ನನ್ನ ಜೊತೆಗಾರನೊಬ್ಬ ಜೀವಶಾಸ್ತ್ರದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಬದಲಾಯಿಸಿಕೊಂಡ. ಓದಿದ್ದ ಕ್ರೆಡಿಟ್‌ಗಳಲ್ಲಿ ಬಹುಪಾಲು ಹೊಸ ಪದವಿಯ ಲೆಕ್ಕಕ್ಕೆ ಬರಲಿಲ್ಲ, ಶೇಕಡಾ 40 ತಲುಪಲಿಲ್ಲ, ಒಂದು ಇಡೀ ಋತುವನ್ನು ಗ್ಯಾಲರಿಯಲ್ಲಿ ಕುಳಿತು ಕಳೆದ. ನಮ್ಮಂತೆ ಎಫ್‌-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ಬಿಗಿ ಇದೆ: ಸೆಮಿಸ್ಟರಿಗೆ 12 ಕ್ರೆಡಿಟ್ ಓದುತ್ತಿರಲೇಬೇಕು, ಆ ಹನ್ನೆರಡರಲ್ಲಿ ಆನ್‌ಲೈನ್ ತರಗತಿ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಗುರುವಾರ ಬಸ್ಸು ಹತ್ತಿ ಭಾನುವಾರ ರಾತ್ರಿ ಮರಳುವ ವಾರಗಳಲ್ಲಿ ಅಮೆರಿಕದ ಹುಡುಗರು ಆನ್‌ಲೈನ್ ತರಗತಿಗಳಿಂದ ಸರಿದೂಗಿಸಿಕೊಳ್ಳುತ್ತಾರೆ; ನಮಗೆ ಆ ಅನುಕೂಲ ಇಲ್ಲ. ತರಬೇತಿಗೆ ವಾರಕ್ಕೆ 20 ಗಂಟೆಗಳ ಮಿತಿ ಎಂದಿದೆ. ಸ್ಪರ್ಧೆಯ ದಿನ ಎಷ್ಟೇ ಹೊತ್ತು ನಡೆದರೂ ಅದನ್ನು 3 ಗಂಟೆ ಎಂದೇ ಬರೆದುಕೊಳ್ಳುತ್ತಾರೆ, ಪ್ರಯಾಣವನ್ನು ಬರೆದುಕೊಳ್ಳುವುದೇ ಇಲ್ಲ.

ಪಿಯುಸಿ ಮುಗಿದ ಮೇಲೆ ಎರಡು ವರ್ಷ ಊರಲ್ಲೇ ಸ್ಪರ್ಧಿಸುತ್ತಾ ಇರುವುದು ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ತಡವಾಗಿ ಸೇರಿದರೆ ಆಡಲು ಸಿಗುವ ಋತುಗಳು ಕಡಿಮೆಯಾಗುತ್ತವೆ. ಅಂದಹಾಗೆ ಇಲ್ಲಿಯ ಕಾಲೇಜು ಈಜು ಬಹುಪಾಲು 25 ಗಜದ ಕೊಳದಲ್ಲಿ ನಡೆಯುತ್ತದೆ. ಕೋಚ್‌ಗಳಿಗೆ ಬರೆಯುವಾಗ ತಂಗಿಯ ಸಮಯ ಯಾವ ಅಳತೆಯ ಕೊಳದಲ್ಲಿ ಬಂದದ್ದು ಎಂಬುದನ್ನು ತಪ್ಪದೆ ನಮೂದಿಸಿ.

ಪ್ರಶ್ನೆ ಕೇಳಿದ ತಂದೆಯಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಅವರ ಉತ್ತರ ಓದಿದ ರಾತ್ರಿಯೇ ಮಗಳು ತಾನೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. ಎಣಿಸಿದಷ್ಟು ಸಲವೂ ಗಣಿತ ಎರಡೇ ಬಂತು. ಮರುದಿನ ಕಾಲೇಜಿನಲ್ಲಿ ವಿಚಾರಿಸಿದಾಗ ವಿಷಯ ಬದಲಾವಣೆಗೆ ಈ ವಾರದೊಳಗೆ ಅರ್ಜಿ ಕೊಡಬೇಕೆಂದೂ, ಬೇಸಿಕ್ ಮ್ಯಾಥ್ಸ್ ಅನ್ನು ಇತಿಹಾಸದ ಬದಲಿಗೆ ಮಾತ್ರ ಕೊಡಲು ಸಾಧ್ಯವೆಂದೂ ತಿಳಿಸಿದರು. ಅರ್ಜಿ ಕೊಟ್ಟಿದ್ದೇವೆ. ಹಾಗೆ ಮಾಡಿದರೆ ಗಣಿತದ ಕೊರತೆ ತುಂಬುತ್ತದೆ, ಆದರೆ ಒಟ್ಟು ಹದಿನಾಲ್ಕಕ್ಕೇ ನಿಲ್ಲುತ್ತದೆ. ಅವಳು ಒಂಬತ್ತನೆಯ ತರಗತಿಯಿಂದ ಸಂಸ್ಕೃತ ಓದುತ್ತಿದ್ದಾಳೆ. ಉಳಿದ ಎರಡಕ್ಕೆ ಅದನ್ನು ಭಾಷೆಯೆಂದು ಪರಿಗಣಿಸುತ್ತಾರೆಯೇ, ಬೇಸಿಕ್ ಮ್ಯಾಥ್ಸ್ ಅನ್ನು ಗಣಿತವೆಂದೇ ಒಪ್ಪುತ್ತಾರೆಯೇ ಎಂದು ಎಲಿಜಿಬಿಲಿಟಿ ಸೆಂಟರ್‌ಗೂ, ಈಗಾಗಲೇ ಉತ್ತರಿಸಿರುವ ಒಬ್ಬ ಕೋಚ್‌ಗೂ ಪತ್ರ ಬರೆದಿದ್ದೇವೆ. ಒಂಬತ್ತನೆಯ ತರಗತಿಯ ಅಂಕಪಟ್ಟಿ ಅವಳ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತು.

ಸಲಹೆಗಾರರು ಮುಂಗಡವನ್ನು ಹಿಂದಿರುಗಿಸುವುದಿಲ್ಲವೆಂದಿದ್ದಾರೆ. ಪಟ್ಟಿ ಮಾಡಿದ ಹನ್ನೆರಡು ಕಾಲೇಜುಗಳಲ್ಲಿ ಎರಡು ಮಾತ್ರ ಎಸ್‌ಎಟಿ ಕೇಳುತ್ತಿರುವುದರಿಂದ, ತರಬೇತಿಯನ್ನು ಭಾನುವಾರಕ್ಕೆ ಬದಲಾಯಿಸಿಕೊಡಿ ಎಂದು ಕೇಳಿದ್ದೇನೆ. ಸೋಮವಾರದಿಂದ ಅವಳು ಮತ್ತೆ ಸಂಜೆಯ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ.

ಉತ್ತರ 4: ನಾರ್ತ್ ಕೆರೊಲಿನಾದಿಂದ ಒಬ್ಬ ತಾಯಿ

ಒಳ್ಳೆಯ ಕೆಲಸ ಮಾಡಿದಿರಿ, ಸರ್. ಸೆಂಟರ್‌ನಿಂದ ಬರುವ ಉತ್ತರವನ್ನು ಫೋನಿನಲ್ಲಿ ಕೇಳಿಸಿಕೊಂಡು ಸುಮ್ಮನಾಗದೆ ಬರಹದಲ್ಲಿಯೇ ಪಡೆದುಕೊಳ್ಳಿ, ಬೇಸಿಕ್ ಮ್ಯಾಥ್ಸ್‌ನ ಪಠ್ಯಕ್ರಮದ ಪ್ರತಿಯನ್ನೂ ಜೊತೆಗೆ ಕಳಿಸಿ. ಉತ್ತರ ಬಂದ ಮೇಲೆ ಇಲ್ಲಿಯೇ ಹಾಕಿದರೆ ಮುಂದಿನ ವರ್ಷ ಇದೇ ಪ್ರಶ್ನೆ ಹಿಡಿದು ಬರುವವರಿಗೆ ಸಿಗುತ್ತದೆ.