ಒಂದೇ ವಾಲಗ, ಎರಡು ವೇಗ: ಎಬಿಸಿ ನೊಟೇಶನ್ ಬಲ್ಲವರು ಹೇಳಿ

ಕಣದ ರೈಟರ್ (ನಾಪೋಕ್ಲು):
ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ನನ್ನದು. ರಾತ್ರಿ ಕರೆಂಟ್ ಇದ್ದರೆ, ಮದುವೆಗಳಲ್ಲಿ ಮೊಬೈಲಿಗೆ ಹಿಡಿದ ವಾಲಗದ ಮಟ್ಟುಗಳನ್ನು ಎಬಿಸಿ ನೊಟೇಶನ್‌ನಲ್ಲಿ ಟೈಪ್ ಮಾಡುತ್ತೇನೆ (ಸ್ವರಗಳನ್ನು ಎ, ಬಿ, ಸಿ ಅಕ್ಷರಗಳಲ್ಲಿ ಬರೆಯುವ ಪದ್ಧತಿ, ಸಾಫ್ಟ್‌ವೇರು ಅದನ್ನು ಓದಿ ನುಡಿಸುತ್ತದೆ). 62 ಆಗಿವೆ. (ಸಾಲಿನ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷೇ.)

ಕುಣಿಯುವವರ ಹೆಜ್ಜೆ ಎಣಿಸಿದೆ, ನಿಮಿಷಕ್ಕೆ 120. ಹಾಗಾಗಿ ವೇಗದ ಸಾಲಿನಲ್ಲಿ ಕ್ಯೂ:120 ಅಂತ ಹಾಕಿದೆ. ತಾಳಕ್ಕೆ ಎಂ:6/8, ಒಂದು ಸ್ವರದ ಉದ್ದಕ್ಕೆ ಎಲ್:1/8. ಲ್ಯಾಪ್‌ಟಾಪಿನಲ್ಲಿ ನುಡಿಸಿದರೆ ಸಾವಿನಮನೆ ವಾಲಗದ ಹಾಗೆ ಎಳೆಯುತ್ತದೆ. ಅಡುಗೆಮನೆಯಿಂದ ಹೆಂಡತಿ "ಯಾರು ಹೋದ್ರು?" ಅಂದಳು. ಅದೇ ಫೈಲು ಮೊಬೈಲಿನಲ್ಲಿ ಸ್ವಲ್ಪ ಚುರುಕು, ಆದರೂ ಯಾರ ಕಾಲೂ ಏಳದು.

ಇನ್ನೊಂದು ತಲೆನೋವು. ಮೂರು ಫೈಲು ಇದ್ದವು, ಮೂರರಲ್ಲೂ ಮಟ್ಟಿನ ನಂಬರು ಎಕ್ಸ್:1ರಿಂದ ಶುರು. ಒಟ್ಟಿಗೆ ಅಂಟಿಸಿದ ಮೇಲೆ 7 ಕೇಳಿದರೆ ಯಾವ 7 ಬರುತ್ತದೋ ದೇವರೇ ಬಲ್ಲ. ಶೀರ್ಷಿಕೆ ನೋಡಿ ಹುಡುಕೋಣ ಅಂದರೆ 19 ಮಟ್ಟುಗಳಿಗೆ ಬರೀ "ವಾಲಗ" ಅಂತಿದೆ. ಊದುವವರನ್ನು ಹೆಸರು ಕೇಳಿದರೆ ನಗುತ್ತಾರೆ.

ಪಿಟೀಲು ಮಡಿಕೇರಿ:
120 ಸರಿ ಅಣ್ಣ, ಏನು 120? ಅದನ್ನೇ ನೀವು ಬರೆದಿಲ್ಲ. ಬರೀ ಕ್ಯೂ:120 ಹಳೇ ಕಾಲದ ಬರಹ. ಎಲ್‌ನಲ್ಲಿ ಹೇಳಿದ ಸ್ವರ ನಿಮಿಷಕ್ಕೆ 120 ಅಂತ ಅದರ ಅರ್ಥ. ನಿಮ್ಮ ಎಲ್ 1/8, ಹೆಜ್ಜೆ ಬೀಳುವುದು ಮೂರು ಸ್ವರಕ್ಕೊಮ್ಮೆ. ಲ್ಯಾಪ್‌ಟಾಪು 40 ಹೆಜ್ಜೆ ಹಾಕಿಸಿತು. ಮೊಬೈಲು ಅದನ್ನು 1/4=120 ಅಂದುಕೊಂಡಿರಬೇಕು, ಆಗ 80. ಕ್ಯೂ:3/8=120 ಅಂತ ಹಾಕಿ. ಎಬಿಸಿ ನಿಯಮಗಳ 2011ರ 2.1 ಆವೃತ್ತಿಯಲ್ಲಿ ಹಳೇ ರೂಪ ಬಿಟ್ಟು ಹೀಗೆ ಬರೆಯಿರಿ ಅಂತಲೇ ಇದೆ. ಸಂಖ್ಯೆಯ ಹಿಂದೆ ಉದ್ಧರಣ ಚಿಹ್ನೆಯೊಳಗೆ "ಚುರುಕು" ಅಂತ ಸೇರಿಸಬಹುದು. ಬರೀ ಮಾತು ಬರೆದು ಸಂಖ್ಯೆ ಬಿಟ್ಟರೆ ವೇಗ ಸಾಫ್ಟ್‌ವೇರಿನ ಮರ್ಜಿ.

ಎಕ್ಸ್ ನಂಬರು ನಿಮ್ಮ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಇದ್ದ ಹಾಗೆ. ಒಂದು ಫೈಲಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗಿಲ್ಲ. ಮದುವೆಯವು 101ರಿಂದ, ಪುತ್ತರಿ ಹಬ್ಬದವು 301ರಿಂದ, ನಡುವೆ ಜಾಗ ಬಿಡಿ. ಎಕ್ಸ್ ಮೊದಲು, ಆಮೇಲೆ ಟಿ (ಶೀರ್ಷಿಕೆ), ತಲೆಬರಹದ ಕೊನೆಗೆ ಕೆ (ಶ್ರುತಿ). ಎರಡು ಮಟ್ಟಿನ ನಡುವೆ ಖಾಲಿ ಸಾಲು ಮರೀಬೇಡಿ, ಮರೆತರೆ ಎರಡೂ ಅಂಟಿಕೊಳ್ಳುತ್ತವೆ.

ಕಣದ ರೈಟರ್:
ಅಯ್ಯೋ, ಚೆಕ್‌ರೋಲ್ ಬರೆಯುವವನಿಗೇ ಇದು ಹೊಳೆಯಲಿಲ್ಲ ನೋಡಿ! 3/8 ಹಾಕಿದೆ, ಎರಡರಲ್ಲೂ ಒಂದೇ ಓಟ. ಆದರೆ ಕುಣಿತಕ್ಕೆ ಕಾವೇರಿದಾಗ ಪರೆ ಬಡಿಯುವವರು ವೇಗ ಏರಿಸುತ್ತಾರಲ್ಲ, ಅದನ್ನು ಎಲ್ಲಿ ಬರೆಯೋದು?

ಪಿಟೀಲು ಮಡಿಕೇರಿ:
ಏರುವ ಜಾಗದಲ್ಲೇ, ಸ್ವರಗಳ ನಡುವೆ ಚೌಕ ಆವರಣದಲ್ಲಿ [ಕ್ಯೂ:3/8=132]. ಅಲ್ಲಿಂದ ಮುಂದಕ್ಕೆ ಆ ವೇಗ. ಮೆಲ್ಲಗೆ ಏರಬೇಕಾದರೆ ನಾಲ್ಕೈದು ಕಡೆ ಹಾಕಿ, ಬೇರೆ ದಾರಿ ನಾನು ಕಂಡಿಲ್ಲ.

ಗೋಣಿಕೊಪ್ಪದ ಟೀಚರ್:
ಹೆಸರಿಲ್ಲದ 19ಕ್ಕೆ ಸ್ವರವನ್ನೇ ಹೆಸರು ಮಾಡಿ. ಪ್ರತಿಯೊಂದರ ಮೊದಲ ಎಂಟು ಸ್ವರ ಸರಿಗಮದಲ್ಲಿ ಬರೆದು ಟಿ ಸಾಲಿಗೆ ಹಾಕಿ: "ವಾಲಗ, ಸಸರಿಗ ಗರಿಸಸ". ಒಂದು ಮದುವೆಯಲ್ಲಿ ಶ್ರುತಿ ಮೇಲಿರುತ್ತದೆ, ಇನ್ನೊಂದರಲ್ಲಿ ಕೆಳಗೆ. ಎ, ಬಿ, ಸಿ ಅಕ್ಷರ ನೋಡಿದರೆ ಒಂದೇ ಮಟ್ಟು ಎರಡಾಗಿ ಕಾಣುತ್ತದೆ, ಸರಿಗಮದಲ್ಲಿ ಆ ಗೊಂದಲ ಇಲ್ಲ. ಅಕಾರಾದಿ ಜೋಡಿಸಿದರೆ ಜೋಡಿಗಳು ತಾವೇ ಪಕ್ಕಪಕ್ಕ ಬಂದು ಕೂರುತ್ತವೆ. ಎಲ್ಲಿ, ಯಾವ ವರ್ಷ ಕೇಳಿದ್ದು ಅಂತ ಎಸ್ ಸಾಲಿನಲ್ಲಿ ಬರೆಯಿರಿ. ನಾನು ಅದನ್ನು ಬಿಟ್ಟು ಈಗ ಪರದಾಡುತ್ತಿದ್ದೇನೆ.

ಕಣದ ರೈಟರ್:
ಭಾನುವಾರ ಪೂರ್ತಿ ಅದೇ ಕೆಲಸ. 108, 133 ಒಂದೇ ಮಟ್ಟು ಟೀಚರೇ! ಒಂದನ್ನು ಅಳಿಸಿ ನಂಬರು ಒತ್ತಾಗಿ ಮಾಡಲೇ?

ಗೋಣಿಕೊಪ್ಪದ ಟೀಚರ್:
ಬೇಡವೇ ಬೇಡ. ಎರಡನೆಯದರಲ್ಲಿ ತಿರುವು ಬೇರೆ ಇರಬಹುದು. ಟಿಪ್ಪಣಿಯ ಎನ್ ಸಾಲಿನಲ್ಲಿ "108 ನೋಡಿ" ಅಂತ ಹಾಕಿ, ನಂಬರು ಮುಟ್ಟಬೇಡಿ.

ಕಣದ ರೈಟರ್:
ಹೌದು, ಕೊನೆಯ ಸಾಲಿನಲ್ಲಿ ನಿ ಬದಲು ದ ಇದೆ. ಎರಡೂ ಇಟ್ಟಿದ್ದೇನೆ.