ಹಳೇ ಕಿರ್ಲೋಸ್ಕರ್ ಲೇತ್ ಮನೆಗೆ ತರಬೇಕು, ಏನೇನು ನೋಡಬೇಕು?

ಚಿಂಚ್‌ವಡ್ ವಾಸಿ
ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಭೋಸರಿಯಲ್ಲಿ ಪರಿಚಯದವರೊಬ್ಬರು ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ. ಅಲ್ಲೊಂದು ಹಳೇ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಮಷಿನ್) ಇದೆ, ಹರಿಹರದ ಮೈಸೂರು ಕಿರ್ಲೋಸ್ಕರ್‌ದು. ಗುಜರಿಯವನು ಕೊಡುವ ತೂಕದ ರೇಟಿಗೇ ನನಗೆ ಕೊಡುತ್ತಾರಂತೆ. ಜೊತೆಗೆ ತುಕ್ಕು ಹಿಡಿದ ನಾಲ್ಕಿಂಚಿನ ಬೆಂಚ್ ವೈಸ್ ಒಂದು, ಸ್ಪ್ಯಾನರ್‌ಗಳ ರಾಶಿ ಒಂದು. ಮನೆ ಗ್ರೌಂಡ್ ಫ್ಲೋರ್, ಕಾರ್ ನಿಲ್ಲಿಸುವ ಜಾಗ ಖಾಲಿ ಇದೆ. ಆದರೆ ಮನೆಗೆ ಬರುವುದು ಸಿಂಗಲ್ ಫೇಸ್, ಲೇತಿನ ಮೋಟರ್ 2 ಎಚ್‌ಪಿ ತ್ರೀ ಫೇಸ್. ಬೆಡ್ ಮೇಲೆ, ಅಂದ್ರೆ ಉಳಿದ ಭಾಗಗಳು ಜಾರಾಡುವ ಉದ್ದನೆಯ ಹಳಿ ಮೇಲೆ, ಮಳೆಗಾಲದ ತುಕ್ಕು ಕೂತಿದೆ, ಒಂದು ಚೇಂಜ್ ಗೇರಿನ (ಥ್ರೆಡ್ ಕೊರೆಯೋಕೆ ಬದಲಾಯಿಸುವ ಗೇರು) ಹಲ್ಲು ಮುರಿದಿದೆ. ನಾನು ದಾವಣಗೆರೆ ಕಡೆಯವನು, ಹರಿಹರದಲ್ಲಿ ಹುಟ್ಟಿದ ಮಷಿನ್ನು ಕರಗಿಸೋಕೆ ಹೋಗುತ್ತೆ ಅಂದ್ರೆ ಮನಸ್ಸು ಒಪ್ಪುತ್ತಿಲ್ಲ. ತರಬಹುದಾ?

ಪಿಂಪ್ರಿ ಟರ್ನರ್
ತುಕ್ಕು, ಗೇರು, ಮೋಟರ್ ಇವೆಲ್ಲ ಆಮೇಲೆ ನೋಡೋಣ ರೀ, ಮೊದಲು ಬೆಡ್ ನೋಡ್ರಿ. ಬೆಡ್ ಚೆನ್ನಾಗಿದ್ರೆ ಉಳಿದಿದ್ದೆಲ್ಲ ಸರಿ ಮಾಡಬಹುದು. ಬೆಡ್ ಸವೆದಿದ್ರೆ ಅದನ್ನು ಗ್ರೈಂಡ್ ಮಾಡಿಸಿ ಸ್ಕ್ರೇಪ್ ಮಾಡಿಸುವ ಖರ್ಚು ಮಷಿನಿನ ಬೆಲೆಯನ್ನೇ ಮೀರುತ್ತೆ. ಕೆಲಸ ಜಾಸ್ತಿ ಆಗೋದು ಚಕ್ಕಿನ, ಅಂದ್ರೆ ತುಂಡನ್ನು ಹಿಡಿದು ತಿರುಗುವ ಭಾಗದ ಹತ್ತಿರ, ಸವೆಯೋದೂ ಅಲ್ಲೇ. ಅದಕ್ಕೆ ಟೂಲ್ ಹೊತ್ತು ಜಾರುವ ಕ್ಯಾರಿಯೇಜನ್ನು ಚಕ್ಕಿನ ಬಳಿ ತಂದು, ಅಲುಗಾಡದ ಹಾಗೆ ಅಡ್ಜಸ್ಟ್ ಮಾಡಿ, ಕೈಯಿಂದ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ತಿರುಗಿಸಿಕೊಂಡು ಹೋಗಿ. ದಾರಿಯಲ್ಲಿ ಬಿಗಿಯಾಗಿ ನಿಂತುಬಿಟ್ಟರೆ ಸವೆತ ಜಾಸ್ತಿ ಅಂತ ಅರ್ಥ. ಆಮೇಲೆ ಚಕ್ಕಿನಲ್ಲಿ ದಪ್ಪ ರಾಡ್ ಹಿಡಿದು ಮೇಲಕ್ಕೆತ್ತಿ, ಚಕ್ಕನ್ನು ತಿರುಗಿಸುವ ಸ್ಪಿಂಡಲ್ ಮೇಲೆ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಮುಳ್ಳು ಎಷ್ಟು ಓಡುತ್ತೆ ನೋಡಿ, ಸ್ಪಿಂಡಲ್ ಎಷ್ಟು ಸಡಿಲ ಇದೆ ಅಂತ ಗೊತ್ತಾಗುತ್ತೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಸ್ವಲ್ಪ ಖಾಲಿ ತಿರುಗಿದ್ರೆ ಹೆದರಬೇಡಿ, ಸ್ಕ್ರೂ ನಟ್ಟು ಹೊಸದು ಮಾಡಿಸಬಹುದು. ಚೇಂಜ್ ಗೇರುಗಳು, ನಾಲ್ಕು ಹಿಡಿತದ ಫೋರ್ ಜಾ ಚಕ್, ಉದ್ದ ರಾಡಿಗೆ ಆಸರೆ ಕೊಡುವ ಸ್ಟೆಡಿ ಎಲ್ಲಾ ಅವತ್ತೇ ಎಣಿಸಿ ಗಾಡಿಗೆ ಹಾಕಿ. ಆಮೇಲೆ ಹುಡುಕಿದ್ರೆ ಸಿಗಲ್ಲ.

ಇನ್ನೊಂದು. ಬೆಡ್ ಮೇಲೆ ಎಮರಿ ಪೇಪರ್ ಆಡಿಸಲೇಬೇಡಿ, ದಯವಿಟ್ಟು. ಆ ಪುಡಿ ಸ್ಲೈಡಿನೊಳಗೆ ಸೇರಿ ಮುಂದೆ ತಾನೇ ಬೆಡ್ಡನ್ನು ತಿನ್ನುತ್ತೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ನೆನೆಸಿ, ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು ಮೆಲ್ಲಗೆ ಕೆರೆದು ತೆಗೆಯಿರಿ.

ಡೊಂಬಿವಲಿಯಿಂದ
ವೈಸಿಗೆ, ಸ್ಪ್ಯಾನರಿಗೆ ಎಲೆಕ್ಟ್ರಾಲಿಸಿಸ್ (ನೀರಿನಲ್ಲಿ ಮುಳುಗಿಸಿ ಕರೆಂಟ್ ಹರಿಸಿ ತುಕ್ಕು ಬಿಡಿಸೋದು) ಮಾಡಿ ಸರ್. ಪ್ಲಾಸ್ಟಿಕ್ ಟಬ್, ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ವೈರು ವೈಸಿಗೆ, ಪಾಸಿಟಿವ್ ಯಾವುದಾದರೂ ಹಳೇ ಕಬ್ಬಿಣದ ಪಟ್ಟಿಗೆ. ಉಲ್ಟಾ ಕೊಟ್ಟರೆ ವೈಸೇ ಕರಗುತ್ತೆ! ಎರಡೂ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆ ಸ್ಟೀಲ್ ಚಮಚ, ತಟ್ಟೆ ಅಂತ ಸ್ಟೇನ್‌ಲೆಸ್ ಹಾಕಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷ ಆಗುತ್ತೆ. ಹೈಡ್ರೋಜನ್ ಹೊರಡುತ್ತೆ, ಅದಕ್ಕೇ ಬಯಲಲ್ಲೇ ಮಾಡಿ, ಹತ್ತಿರ ಕಿಡಿ ಬೇಡ. ಈ ವಿಧಾನ ನನಗೆ ತುಂಬಾ ಇಷ್ಟ, ಯಾಕೆಂದರೆ ತುಕ್ಕು ಮಾತ್ರ ಹೋಗುತ್ತೆ, ಒಳ್ಳೆ ಲೋಹ ಹಾಗೇ ಉಳಿಯುತ್ತೆ. ಸ್ಪ್ರಿಂಗ್, ಹಿತ್ತಾಳೆ, ಅಲ್ಯೂಮಿನಿಯಂ ಹಾಕಬೇಡಿ. ಹೊರಗೆ ತೆಗೆದ ಕೂಡಲೇ ಒಣಗಿಸಿ ಎಣ್ಣೆ ಹಚ್ಚಿ, ಇಲ್ಲದಿದ್ರೆ ಜುಲೈ ತಿಂಗಳಲ್ಲಿ ನೋಡ್ತಾ ನೋಡ್ತಾ ಮತ್ತೆ ಕೆಂಪಾಗುತ್ತೆ.

ಸಣ್ಣಪುಟ್ಟ ಟೂಲಿಗೆ ನಿಮ್ಮ ಪುಣೆಯ ಜುನಾ ಬಜಾರ್ ಇದೆಯಲ್ಲ, ಬುಧವಾರ, ಭಾನುವಾರ. ಹೊಸದು ಬೇಕಾದ್ರೆ ಮುಂಬೈ ನಾಗದೇವಿ ಸ್ಟ್ರೀಟ್, ಡ್ರಿಲ್ ಬಿಟ್ಟಿನಿಂದ ಚಕ್ಕಿನವರೆಗೆ ಎಲ್ಲಾ ಒಂದೇ ಬೀದಿ.

ವೈರಿಂಗ್ ಅಣ್ಣ, ಹಡಪ್ಸರ್
ಮೋಟರ್ ಬದಲಾಯಿಸೋದು ಬೇಡ. ಟರ್ಮಿನಲ್ ಬಾಕ್ಸ್ ಬಿಚ್ಚಿ ಎಷ್ಟು ವೈರು ಹೊರಗೆ ಬಂದಿವೆ ನೋಡಿ. ಮೋಟರಿನ ಪ್ಲೇಟ್ ಮೇಲೆ 415 ವೋಲ್ಟ್ ಸ್ಟಾರ್ ಅಂತ ಇದ್ದು ಆರು ತುದಿ ಇದ್ದರೆ, ಡೆಲ್ಟಾ ಮಾಡಿ (ಸ್ಟಾರ್, ಡೆಲ್ಟಾ ಅಂದ್ರೆ ಒಳಗಿನ ಸುರುಳಿಗಳನ್ನು ಜೋಡಿಸುವ ಎರಡು ವಿಧ). ಆಗ ಅದು 240 ವೋಲ್ಟಿನ ಮೋಟರ್ ಆಗುತ್ತೆ. ಸಿಂಗಲ್ ಫೇಸ್ ತಗೊಂಡು 230 ವೋಲ್ಟ್ ತ್ರೀ ಫೇಸ್ ಕೊಡುವ ವಿಎಫ್‌ಡಿ (ಮೋಟರ್ ಓಡಿಸುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿದ್ರೆ ಆಯ್ತು. ಮೂರೇ ತುದಿ ಇದ್ದರೆ ಒಳಗಿನ ಜಾಯಿಂಟ್ ಬಿಡಿಸಬೇಕು, ಅದನ್ನು ರಿವೈಂಡಿಂಗ್‌ನವರಿಗೇ ಕೊಡಿ. ಹಳೇ ರಿವರ್ಸ್ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟರ್ ನಡುವೆ ಬಿಡಬೇಡಿ, ಓಡುವಾಗ ಅದನ್ನು ತಿರುಗಿಸಿದ್ರೆ ಡ್ರೈವ್ ಸುಡುತ್ತೆ. ಬೋರ್ಡಿನಿಂದ ಬೇರೆ ಲೈನ್, ಸರಿಯಾದ ಅರ್ಥಿಂಗ್ ಬೇಕೇ ಬೇಕು.

ಚಕ್ಕು ಥ್ರೆಡ್ ಮೇಲೆ ಕೂರುವ ಹಳೇ ಸ್ಪಿಂಡಲ್ ಆಗಿದ್ರೆ ಡ್ರೈವಿನಲ್ಲಿ ಬ್ರೇಕ್ ಟೈಮ್ ನಿಧಾನ ಇಡಿ. ಗಕ್ಕನೆ ನಿಲ್ಲಿಸಿದ್ರೆ ಚಕ್ಕು ಬಿಚ್ಚಿಕೊಂಡು ಬರುತ್ತೆ.

ಚಿಂಚ್‌ವಡ್ ವಾಸಿ
ಇವತ್ತು ಹೋಗಿ ನೋಡಿದೆ. ಆರು ವೈರು ಇವೆ. ಕ್ಯಾರಿಯೇಜ್ ಕೊನೆಯ ಒಂದು ಗೇಣಿನಲ್ಲಿ ಮಾತ್ರ ಸ್ವಲ್ಪ ಬಿಗಿ. ಅಡ್ವಾನ್ಸ್ ಕೊಟ್ಟೆ! ಆ ಗೇರಿಗೆ ಏನು ಮಾಡಲಿ?

ಪಿಂಪ್ರಿ ಟರ್ನರ್
ಅಷ್ಟು ಬಿಗಿ ಇದ್ದೇ ಇರುತ್ತೆ, ಒಳ್ಳೇದು ತಗೊಂಡ್ರಿ. ಗೇರಿನ ಹಲ್ಲು ಎಣಿಸಿ, ಮುರಿದದ್ದನ್ನೂ ಸೇರಿಸಿ. ಹೊರಗಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಹಲ್ಲಿನ ಲೆಕ್ಕಕ್ಕೆ ಎರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಬಂದದ್ದು 1.5, 2 ಹೀಗೆ ನೀಟಾಗಿದ್ರೆ ಅದೇ ಮಾಡ್ಯೂಲ್, ಅಂದ್ರೆ ಹಲ್ಲಿನ ಸೈಜಿನ ನಂಬರ್. ಏನೇನೋ ಬಂದ್ರೆ ಅದು ಇಂಚಿನ ಗೇರು, ಆಗ ಉಲ್ಟಾ ಲೆಕ್ಕ: ಹಲ್ಲಿಗೆ ಎರಡು ಕೂಡಿಸಿ, ಇಂಚಿನ ವ್ಯಾಸದಿಂದ ಭಾಗಿಸಿ. ಆ ನಂಬರ್, ಒಳಗಿನ ತೂತು, ಕೀ ಅಳತೆ, ದಪ್ಪ ಬರೆದುಕೊಂಡು ಹಳೇ ಗೇರಿನ ಜೊತೆ ಭೋಸರಿಯಲ್ಲೇ ಗೇರ್ ಕಟಿಂಗ್‌ನವರ ಹತ್ತಿರ ಹೋಗಿ. ಬೀಡು ಕಬ್ಬಿಣದಲ್ಲೇ ಮಾಡಿಕೊಡಿ ಅನ್ನಿ. ಲೇತ್ ಇಳಿಸುವ ದಿನ ಹೇಳಿ, ಲೆವೆಲ್ ಮಾಡೋಕೆ ನಾನೇ ಬರ್ತೀನಿ, ನನ್ನ ಸ್ಪಿರಿಟ್ ಲೆವೆಲ್ ಮೀಟರಿಗೆ 0.02 ಮಿಲಿಮೀಟರ್ ತೋರಿಸುವಂಥದ್ದು.